ಧೈರ್ಯ ತಗೋ ಅನ್ನಬೇಡ, ಶಿವಲೀಲಾ

ಕೊಕಟನೂರ, ತಾ. ಅಥಣಿ

ಚಿ. ಶಿವಲೀಲಾ,

ಜೋಳ ಈ ಸಲ ಎದೆಮಟ್ಟ ಬಂದಿದೆ. ಕಬ್ಬು ಕಡಿಯುವ ಗ್ಯಾಂಗು ಇನ್ನೂ ನಮ್ಮ ಹೊಲದ ಕಡೆ ಹಾಯ್ದಿಲ್ಲ. ಇಚಲಕರಂಜಿಯಲ್ಲಿ ನಿಮ್ಮಪ್ಪನ ಮಗ್ಗಗಳು ನಿಲ್ಲದೆ ನಡೆದಿವೆ ಎಂದು ತಿಳಿದು ಸಮಾಧಾನವಾಯಿತು. ಫೋನು ಇರುವಾಗ ಈ ಮುದುಕ ಯಾಕೆ ಕಾಗದ ಬರೆಯುತ್ತಾನೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು ಪಿಸುಗುಟ್ಟುತ್ತೀ, ಬಗಲಲ್ಲೇ ನಿಮ್ಮವ್ವ ಮಲಗಿರುತ್ತಾಳೆ. ನನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಏನು ಹೇಳಬೇಕೆಂದು ಆ ಹೊತ್ತಿಗೆ ಹೊಳೆಯುವುದಿಲ್ಲ. ಮಾಸ್ತರಿಕೆ ಮಾಡಿದವನಿಗೆ ಕೈಯಲ್ಲಿ ಪೆನ್ನು ಬಂದರೇ ಮಾತು ನೆಟ್ಟಗಾಗುವುದು.

ಡಾಕ್ಟರರು ಮನಶ್ಶಾಸ್ತ್ರಜ್ಞೆಯನ್ನು ಕಾಣಿರಿ ಎಂದು ಚೀಟಿ ಬರೆದುಕೊಟ್ಟರೆ ನಿಮ್ಮವ್ವ ಅದನ್ನು ಹರಿದು ಒಗೆದಳಂತೆ. "ನನಗೇನ ಹುಚ್ಚ ಹಿಡದೈತೇನ? ಬ್ಯಾನಿ ಎಲಬಿನಾಗ ಐತಿ, ತಲಿಯಾಗ ಅಲ್ಲ" ಅಂದಳಂತೆ. ಅವಳ ಸಿಟ್ಟು ನನಗೆ ಪೂರಾ ತಿಳಿಯುತ್ತದೆ. ಎದೆಯ ಗಡ್ಡೆ ತೆಗೆಸಿಕೊಂಡು, ಕಿಮೋ ಮುಗಿಸಿ, ಈಗ ಎಲುಬಿಗೆ ಇಳಿದ ನೋವಿನಲ್ಲಿ ಮಗ್ಗಲು ಹೊರಳಲಾರದವಳಿಗೆ ಮನಸ್ಸಿನ ಡಾಕ್ಟರರ ಕಡೆ ಹೋಗು ಅಂದರೆ, ನಿನ್ನ ನೋವು ಸುಳ್ಳು ಅಂದಂತೆಯೇ ಕೇಳಿಸುತ್ತದೆ. ಇದೇ ರೋಗ ಬಂದಿದ್ದ ನಿನ್ನ ದೊಡ್ಡವ್ವನೂ ಹೆಚ್ಚುಕಡಿಮೆ ಇವೇ ಮಾತು ಆಡಿದ್ದಳು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಬೇಸರಪಡಬೇಡ.

ನನ್ನ ಕಾಕಾ, ನಿನಗೆ ಸಣ್ಣಜ್ಜ ಆಗಬೇಕು, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ತೂಕದ ಕೆಲಸಕ್ಕಿದ್ದ. 1981ರಲ್ಲಿ ಶರದ ಜೋಶಿಯವರ ಮುಂದಾಳತನದಲ್ಲಿ ತಂಬಾಕಿನ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕೂತಾಗ ತಾನೂ ಅಲ್ಲಿದ್ದೆ ಎಂದು ಅದರ ಕಥೆಯನ್ನು ಸಾಯುವತನಕ ಹೇಳುತ್ತಿದ್ದ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಅವನ ದವಡೆಯಿಂದ ಇಳಿದದ್ದನ್ನು ನಾನು ನೋಡಿಲ್ಲ. ಆ ದವಡೆಯಲ್ಲೇ ಹುಣ್ಣಾಯಿತು. ಮಿರಜದಲ್ಲಿ ನೋಡಿದವರು ಮನೆಗೆ ಒಯ್ಯಿರಿ ಅಂದರು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಅದು 1986. ನಾನು ಆಗಷ್ಟೇ ಶಾಲೆಗೆ ಮಾಸ್ತರನಾಗಿ ಸೇರಿದ್ದೆ. ರಾತ್ರಿ ಅವನು ಒರಲುವುದು ಓಣಿಗೆಲ್ಲ ಕೇಳುತ್ತಿತ್ತು. ಎಮ್ಮೆಗಳು ಮೇವು ಬಿಟ್ಟು ಕಿವಿ ನಿಗುರಿಸಿ ನಿಲ್ಲುತ್ತಿದ್ದವು.

ಆಮೇಲೆ ಓದಿ ತಿಳಿದುಕೊಂಡೆ. ಅದೇ 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರಿನ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸುವ ಪದ್ಧತಿಯನ್ನು ಜಗತ್ತಿಗೆಲ್ಲ ಸಾರಿತ್ತು. ಮೇಲಿನ ಮೆಟ್ಟಿಲೇ ಮಾರ್ಫಿನ್. ಅಗ್ಗದ ಔಷಧ, ಅದರ ಮೂಲವಾದ ಅಫೀಮನ್ನು ನಮ್ಮ ದೇಶವೇ ಬೆಳೆಯುತ್ತದೆ. ಆದರೆ ಅದರ ಹಿಂದಿನ ವರ್ಷ, 1985ರಲ್ಲಿ, ಮಾದಕ ವಸ್ತುಗಳ ಕಾಯ್ದೆ ಬಂದಿತ್ತು. ಹತ್ತೆಂಟು ಪರವಾನಗಿಯ ಉಸಾಬರಿ ಯಾಕೆಂದು ದವಾಖಾನೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ಡಾ. ಎಂ. ಆರ್. ರಾಜಗೋಪಾಲರಂಥವರು ವರ್ಷಾನುಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಕಾಕಾನಿಗೆ ಸಿಗದಿದ್ದ ಗುಳಿಗೆ ನಿನ್ನ ದೊಡ್ಡವ್ವನಿಗೆ ಸಿಕ್ಕಿತು, ನಿಮ್ಮವ್ವನಿಗೂ ಸಿಗುತ್ತಿದೆ. ಇದು ಸಣ್ಣ ಮಾತಲ್ಲ, ಮಗಳೇ. ಮುಂದೆ ನಾನು ಮನಸ್ಸಿನ ಬಗ್ಗೆ ಏನೇ ಬರೆದರೂ ಈ ಗುಳಿಗೆಯ ಮೇಲೆ ನಿಂತೇ ಬರೆಯುತ್ತಿದ್ದೇನೆ ಎಂದು ತಿಳಿ. ಗಡಿಯಾರ ನೋಡಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ನೋವು ಬರಲಿ, ಆಮೇಲೆ ಕೊಡೋಣ ಎಂದು ಕಾಯಬಾರದು. ಅಫೀಮಿನ ಚಟ ಹತ್ತುತ್ತದೆ ಎಂದು ಬೀಗರು ಹೆದರಿಸಿದರೆ, ಡಾಕ್ಟರರು ಹೇಳಿದ ಅಳತೆಯಲ್ಲಿ ನೋವಿಗೆಂದು ತೆಗೆದುಕೊಂಡವರಿಗೆ ಆ ಭಯ ಬೇಡ ಎಂದು ಹೇಳು. ಅದು ತರುವ ಮಲಬದ್ಧತೆಗೆ ಬೇರೆ ಔಷಧವನ್ನು ಮಾತ್ರ ತಪ್ಪದೆ ಬರೆಸಿಕೋ. ಅಲಕ್ಷ್ಯ ಮಾಡಿದರೆ ಅದೇ ಇನ್ನೊಂದು ನೋವಾಗುತ್ತದೆ.

ಇಷ್ಟಾಗಿಯೂ ದೊಡ್ಡವ್ವನಿಗೆ ರಾತ್ರಿ ಕಳೆಯುತ್ತಿರಲಿಲ್ಲ. ಗುಳಿಗೆ ನೋವನ್ನು ಇಳಿಸುತ್ತಿತ್ತು, ಪೂರಾ ಅಳಿಸುತ್ತಿರಲಿಲ್ಲ. ಉಳಿದ ಚೂರು ನೋವು ನಸುಕಿನ ಮೂರಕ್ಕೆ ಎದ್ದು ಕೂತು ಮನೆಯನ್ನೆಲ್ಲ ಎಬ್ಬಿಸುತ್ತಿತ್ತು. ಆಗ ಮಿರಜದ ಡಾಕ್ಟರರು ಮನಶ್ಶಾಸ್ತ್ರಜ್ಞೆಯಾದ ಒಬ್ಬ ಹುಡುಗಿಯ ಕಡೆ ಕಳಿಸಿದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳು ಇದ್ದಾಳು. ಅರ್ಧ ಮರಾಠಿ, ಅರ್ಧ ಕನ್ನಡ. ಮೊದಲ ಮಾತಿಗೇ, "ಗುಳಿಗಿ ಚೀಟಿ ತೋರಸ್ರಿ ಆಯಿ" ಅಂದಳು. ನೋಡಿ, "ಬ್ಯಾನಿ ಖರೇನ ಐತಿ. ಒಂದು ಗುಳಿಗೀನೂ ಬಿಡಬ್ಯಾಡ್ರಿ. ಗುಳಿಗಿ ಮುಟ್ಟಲಾರದ ಜಾಗಾ ಒಂದು ಇರತೈತಿ, ನನ್ನ ಕೆಲಸ ಅಲ್ಲಿ" ಅಂದಳು. ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ದೊಡ್ಡವ್ವ ಆಗ ಈ ಕಡೆ ತಿರುಗಿದಳು.

ಆ ಹುಡುಗಿ ಹಿಡಿದ ಪದ್ಧತಿಯ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯವರಿಗೆಂದು ಕಟ್ಟಿದ್ದು, ಮುಂದೆ ಬೇರೆಯವರು ಅದನ್ನು ದೀರ್ಘ ನೋವಿನವರಿಗೂ ಹೊಂದಿಸಿದರು. ಬೆಕ್ ನೂರು ತುಂಬಿದ ಮೇಲೆ 2021ರಲ್ಲಿ ತೀರಿಕೊಂಡರು. ಎಲುಬಿನ ನೋವಿಗೂ ಮನಸ್ಸಿಗೂ ಏನು ಸಂಬಂಧ ಎಂದು ನಿಮ್ಮವ್ವ ಕೇಳಿದರೆ ಹೀಗೆ ಹೇಳು. 1965ರಲ್ಲಿ ಮೆಲ್ಝ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಮೈಯ ನೋವು ನೆಟ್ಟಗೆ ಮೆದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಗೇಟು ಇದೆ ಎಂದು ಹೇಳಿದರು. ನಮ್ಮ ಕಾಲುವೆಯ ತೂಬು ಇದ್ದಂತೆ. ನೀರು ಮೇಲಿಂದ ಬರುವುದು ಖರೆ, ಹೊಲಕ್ಕೆ ಎಷ್ಟು ಹಾಯಬೇಕು ಎನ್ನುವುದು ತೂಬು ಎಷ್ಟು ಎತ್ತಿದ್ದಾರೆ ಎನ್ನುವುದರ ಮೇಲೆ. ಭಯ, ನಿದ್ದೆಗೇಡು, ಒಂಟಿತನ ತೂಬನ್ನು ಎತ್ತುತ್ತವೆ. ಸಡಿಲಾದ ಮೈ, ಬೇರೆ ಕಡೆ ತಿರುಗಿದ ಲಕ್ಷ್ಯ ಅದನ್ನು ಇಳಿಸುತ್ತವೆ. ಅವರು ಅಂದು ಹೇಳಿದ ನರಗಳ ವಿವರವನ್ನು ಆಮೇಲೆ ಬಂದವರು ಬಹಳ ತಿದ್ದಿದ್ದಾರೆ. ಮೆದುಳು ಮೇಲಿಂದ ಕೆಳಗೆ ಅಪ್ಪಣೆ ಕಳಿಸಿ ನೋವನ್ನು ಏರಿಸಿ ಇಳಿಸಬಲ್ಲದು ಎನ್ನುವುದು ಮಾತ್ರ ನಿಂತಿದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸು, ಆಮೇಲೆ ಸಮಾಜಸೇವಕಿ, ಕೊನೆಗೆ ಡಾಕ್ಟರು. ಸಾಯುವವರ ನೋವಿನಲ್ಲಿ ಮೈಯದು, ಮನಸ್ಸಿನದು, ಮನೆತನದ್ದು, ದೇವರದು ಎಲ್ಲವೂ ಹೆಣೆದುಕೊಂಡಿರುತ್ತವೆ ಎಂದು ಆಕೆ ಹೇಳಿದ್ದನ್ನು ನಾನು ನಮ್ಮ ಮನೆಯಲ್ಲೇ ಕಂಡೆ.

ಆ ಹುಡುಗಿ ಮೊದಲು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದಳು. ದೊಡ್ಡವ್ವ ಸುಮ್ಮನೆ ಮುಖ ನೋಡಿದಳು. ಅವಳೇನು ಶಾಲೆಯಲ್ಲಿ ಮಾರ್ಕ್ಸು ತಗೊಂಡವಳೇ? ನಾನು ನಡುವೆ ಬಾಯಿ ಹಾಕಿ, "ರೂಪಾಯಿಗೆ ಎಷ್ಟಾಣೆ ಐತಿ ಹೇಳ" ಅಂದೆ. ತಟ್ಟನೆ, "ಹನ್ನೆರಡಾಣೆ" ಅಂದಳು. ಹುಡುಗಿಗೆ ಆಣೆಯ ಲೆಕ್ಕ ಗೊತ್ತಿರಲಿಲ್ಲ, ಹೇಳಿಸಿಕೊಂಡು ನಕ್ಕು ಅದನ್ನೇ ಬರೆದುಕೊಂಡಳು. ಅವತ್ತಿನಿಂದ ಒಂದು ಎರಡುಗೆರೆ ಕಾಪಿ ಪುಸ್ತಕದಲ್ಲಿ ನಾಲ್ಕು ಮನೆ ಹಾಕಿ ನಾನೇ ಬರೆಯುತ್ತಿದ್ದೆ: ಹೊತ್ತು ಎಷ್ಟು, ನೋವು ಎಷ್ಟಾಣೆ, ಏನು ಮಾಡುತ್ತಿದ್ದಳು, ಆ ಗಳಿಗೆಯಲ್ಲಿ ಮನಸ್ಸಿಗೆ ಏನು ಬಂತು.

ಕೊನೆಯ ಮನೆ ತುಂಬುವುದೇ ಕಷ್ಟ. ಮೊದಮೊದಲು "ಏನೂ ಬರಲಿಲ್ಲ" ಅನ್ನುತ್ತಿದ್ದಳು. ಒಂದು ನಸುಕಿನಲ್ಲಿ, ನೋವು ಹದಿನಾಲ್ಕಾಣೆ ಇದ್ದಾಗ, ಹೊರಬಂತು. "ಯಲ್ಲವ್ವ ಮುನದಾಳ. ಹುಡುಗನ ಕಾಲಕ್ಕ ಹೊತ್ತ ಹರಕಿ ಹಂಗ ಉಳದೈತಿ. ಅದಕ್ಕ ಎಲಬ ಹಿಡದ ಹಿಂಡಾಕತ್ಯಾಳ." ನಮ್ಮೂರ ಯಲ್ಲವ್ವನ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬಂದು ಉಡಿ ತುಂಬಿ ಹೋಗುತ್ತಾರೆ, ಇದೇ ಊರಲ್ಲಿ ಬಾಳುವೆ ಮಾಡಿದವಳಿಗೆ ಈ ಮಾತು ಎಷ್ಟು ದಿನದಿಂದ ಒಳಗೆ ಕೊರೆಯುತ್ತಿತ್ತೋ ಏನೋ. ಬಗಲಿಗೇ ಮಲಗುವ ನನಗೂ ಹೇಳಿರಲಿಲ್ಲ.

ಹುಡುಗಿ ಅದನ್ನು ಓದಿ, ಇದೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಹಂಗೆ ಅಂದಿದ್ದರೆ ದೊಡ್ಡವ್ವ ಮತ್ತೆ ಆ ಬಾಗಿಲು ತುಳಿಯುತ್ತಿರಲಿಲ್ಲ. "ಹರಕಿ ತೀರಸೂದು ತೀರಸ್ರಿ ಆಯಿ. ಆದರ ಆ ರಾತ್ರಿ ಗುಳಿಗಿ ಎಷ್ಟಕ್ಕ ತಗೊಂಡಿದ್ರಿ?" ಎಂದಳು. ಪುಸ್ತಕ ನೋಡಿದರೆ, ನೆಂಟರ ಗದ್ದಲದಲ್ಲಿ ಗುಳಿಗೆ ಬಹಳ ತಡವಾಗಿತ್ತು. "ವರ್ಷಾ ಉಡಿ ತುಂಬಿದವರಿಗೆ ಯಾರಿಗೂ ಈ ಬ್ಯಾನಿ ಬಂದಿಲ್ಲೇನು?" ಅಂದಳು. ದೊಡ್ಡವ್ವ ಸ್ವಲ್ಪ ಹೊತ್ತು ತಡೆದು, ಒಂದು ಜಾತ್ರೆಯನ್ನೂ ತಪ್ಪಿಸದ ಓಣಿಯ ಒಬ್ಬಳ ಹೆಸರು ಹೇಳಿದಳು. ಅವಳೂ ಇದೇ ಗಡ್ಡೆಯಲ್ಲಿ ಹೋದವಳು. ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ತಾನಾಗಿಯೇ ಒಂದು ಮಾತು ಕಟ್ಟಿಕೊಂಡಳು: "ಯಲ್ಲವ್ವ ಮುನದಿಲ್ಲ, ಗುಳಿಗಿ ತಡಾ ಆಗೈತಿ." ಆಮೇಲೆ ನಸುಕಿನಲ್ಲಿ ಎಚ್ಚರಾದಾಗೆಲ್ಲ ಅದನ್ನೇ ಅಂದುಕೊಂಡು ಗಡಿಯಾರ ನೋಡುತ್ತಿದ್ದಳು. ಹರಕೆಯನ್ನೂ ತೀರಿಸಿದೆವು. ಅದು ಉಳಿಯಬಾರದಲ್ಲ!

ಸಿಬಿಟಿ ಅಂದರೆ ಇಷ್ಟೇ ಎಂದು ತಿಳಿಯಬೇಡ. ಒಳ್ಳೆಯದನ್ನೇ ಯೋಚಿಸು, ಎಲ್ಲ ಸರಿಹೋಗುತ್ತದೆ ಎನ್ನುವ ಪುರಾಣ ಅದರಲ್ಲಿ ಇಲ್ಲ. ರೋಗ ಹೋಗುವುದಿಲ್ಲ ಎಂಬುದು ದೊಡ್ಡವ್ವನಿಗೂ ಗೊತ್ತಿತ್ತು, ಆ ಹುಡುಗಿಯೂ ಮುಚ್ಚಿಡಲಿಲ್ಲ. ನೋವಿನ ಮೇಲೆ ಕೂತ ಸುಳ್ಳು ಭಾರವನ್ನಷ್ಟೇ ಇಳಿಸಿದಳು.

ಇನ್ನೊಂದು ಪಾಠ ರೊಟ್ಟಿಯದು. ಮೈ ಹಗುರಾದ ದಿನ ದೊಡ್ಡವ್ವ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು, ಮರುದಿನ ಹಾಸಿಗೆ. ಬ್ಯಾಡ ಅಂದರೆ, "ಇವತ್ತ ಆರಾಮ ಅದೀನಿ, ಇವತ್ತ ಮಾಡೂಕಿ" ಎಂಬ ಹಠ. ಹುಡುಗಿ ಅದಕ್ಕೂ ಗಡಿಯಾರವನ್ನೇ ಹಚ್ಚಿದಳು. ನೋವು ನಿಲ್ಲಿಸುವತನಕ ಮಾಡುವುದು ಬೇಡ, ನೋವು ಏಳುವ ಮೊದಲೇ ನಿಲ್ಲಿಸಬೇಕು. ನಾಲ್ಕು ರೊಟ್ಟಿ, ಮೇಲೆ ಅರ್ಧ ತಾಸು ಮೈ ಚೆಲ್ಲುವುದು. ಆರಾಮಿದ್ದರೂ ನಾಲ್ಕೇ. ಸಂಕಟವಿದ್ದ ದಿನವೂ ಪೂರಾ ಬಿಡಬಾರದು, ಒಂದಾದರೂ ಬಡಿಯಬೇಕು. ದೊಡ್ಡವ್ವ ಗೊಣಗಿದಳು, ಸೊಸೆ ನಕ್ಕಳು, ಆದರೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾದವು. ಅವಳು ಬಡಿದ ರೊಟ್ಟಿಯನ್ನು ಮೊಮ್ಮಗ ಹುಡುಕಿ ಆರಿಸಿಕೊಂಡು ತಿನ್ನುತ್ತಿದ್ದ. ಅದಕ್ಕಿಂತ ದೊಡ್ಡ ಔಷಧ ಯಾವ ಅಂಗಡಿಯಲ್ಲಿ ಸಿಗಬೇಕು ಹೇಳು.

ಮೈ ಸಡಿಲು ಬಿಡುವುದನ್ನೂ ಕಲಿಸಿದಳು. ಕಾಲ್ಬೆರಳಿನಿಂದ ಸುರು ಮಾಡಿ ಒಂದೊಂದೇ ಅಂಗವನ್ನು ಬಿಗಿ ಹಿಡಿದು ಬಿಡುವುದು. ನೋಯುವ ಎಲುಬಿನ ಹತ್ತಿರ ಬಿಗಿ ಹಿಡಿಯದೆ ಬರೀ ಬಿಡುವುದು. ಉಸಿರು ಹೊರಗೆ ಹಾಕುವುದನ್ನು ಉದ್ದ ಮಾಡುವುದು. ಆಮೇಲೆ ಕಣ್ಣು ಮುಚ್ಚಿ ಮನಸ್ಸಿಗೆ ಹಿತವಾದ ಒಂದು ಜಾಗದಲ್ಲಿ ಅಡ್ಡಾಡುವುದು. ಹುಡುಗಿ ನದಿಯ ದಂಡೆ ಅಂದಳು. ದೊಡ್ಡವ್ವನ ತವರು ಕೃಷ್ಣೆಯ ದಂಡೆಯ ಊರು, 2019ರ ಆಗಸ್ಟಿನ ಮಹಾಪೂರದಲ್ಲಿ ತವರಿನ ಗೋಡೆ ಕುಸಿದದ್ದನ್ನು ಕಂಡವಳು. ಕಣ್ಣು ಮುಚ್ಚಿದರೆ ಕೆಂಪು ನೀರೇ ಬರುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಅದನ್ನು ಬಿಟ್ಟು ಹಾಲುಗಾಳು ಜೋಳದ ಹೊಲ ಹಿಡಿದಳು, ಸೀತನಿಯ ವಾಸನೆ ಸುದ್ದಾ ಬರುತ್ತದೆ ಅನ್ನುತ್ತಿದ್ದಳು. ನಿಮ್ಮವ್ವನಿಗೆ ಯಾವ ಜಾಗ ಹಿತವೋ ಅವಳೇ ಆರಿಸಲಿ, ಮೊಬೈಲಿನ ವೀಡಿಯೋ ಹೇಳಿದ್ದಲ್ಲ.

ಇದರಿಂದ ಎಷ್ಟು ಫಲ ಎಂದು ನೀನು ಕೇಳುತ್ತೀ, ಲೆಕ್ಕದವಳು. ಮೊಮ್ಮಗನಿಂದ ಹುಡುಕಿಸಿ ಓದಿದ್ದನ್ನು ಹೇಳುತ್ತೇನೆ. ಸಿಯಾಟಲ್‌ನಲ್ಲಿ ಕ್ಯಾರನ್ ಸಿರ್ಜಾಲಾ ಮತ್ತು ಸಂಗಡಿಗರು ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ಬಾಯಿಹುಣ್ಣಿನ ನೋವಿನ ಮೇಲೆ ಇದನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಮೈ ಸಡಿಲಿಸಿ ಹಿತವಾದದ್ದನ್ನು ಕಲ್ಪಿಸಿಕೊಳ್ಳಲು ಕಲಿತವರಿಗೆ ನೋವು ಕಡಿಮೆಯಾಯಿತು. ಅದರ ಮೇಲೆ ಯೋಚನೆ ತಿದ್ದುವ ಪಾಠವನ್ನೂ ಸೇರಿಸಿದವರಿಗೆ ಅದಕ್ಕಿಂತ ಹೆಚ್ಚೇನೂ ಇಳಿಯಲಿಲ್ಲ. ಅಂದರೆ ಎಲ್ಲರಿಗೂ ಎಲ್ಲ ಪಾಠ ಹತ್ತುವುದಿಲ್ಲ. ದೊಡ್ಡವ್ವನಿಗೆ ಯೋಚನೆಯ ಗಂಟು ಬಿಚ್ಚಿದ್ದು ದೊಡ್ಡದಾಯಿತು, ನಿಮ್ಮವ್ವನಿಗೆ ಬರೀ ಉಸಿರಾಟ ಸಾಕಾಗಬಹುದು. ಹದಿನಾಲ್ಕಾಣೆ ನೋವು ಎಂಟಾಣೆಗೆ ಇಳಿದರೆ ನಿದ್ದೆ ಬರುತ್ತದೆ. ಸೊನ್ನೆಗೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಒಂದನ್ನು ಮಾತ್ರ ಎಚ್ಚರದಿಂದ ಓದು. ಬೆನ್ನಿನಲ್ಲಿ ಹಿಂದೆಂದೂ ಇಲ್ಲದ ಹೊಸ ನೋವು ಎದ್ದರೆ, ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಉಸಿರಾಟದ ಅಭ್ಯಾಸ ಮಾಡಿಸುತ್ತ ಕೂಡ್ರಬೇಡ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ತಾಸಿನಲ್ಲಿ ದವಾಖಾನೆಗೆ ಹೋಗಬೇಕು. ಎಲುಬಿನ ನೋವಿಗೆ ರೇಡಿಯೇಶನ್ ಕೊಡಿಸಿದರೂ ಹಗುರಾಗುವುದುಂಟು, ಅದನ್ನೂ ಕೇಳು.

ಈಗ ನಿನಗೆ ಹೇಳಬೇಕಾದದ್ದು. ಆ ಕಾಪಿ ಪುಸ್ತಕದಲ್ಲಿ ನಾವು ಯಾರೂ ಎಣಿಸದಿದ್ದ ಒಂದು ಸಂಗತಿ ಇತ್ತು. ಸಂಜೆ ಮಾತನಾಡಿಸಲು ಬಂದವರು ಹೋದ ಮೇಲೆ ನೋವು ಏರುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕೂತು ಮಗ್ಗಿ ಒಪ್ಪಿಸುವಾಗ ಇಳಿಯುತ್ತಿತ್ತು. ಬಂದವರೆಲ್ಲ ಹಣೆ ಮುಟ್ಟಿ, "ಧೈರ್ಯ ತಗೋರಿ, ಏನೂ ಆಗಂಗಿಲ್ಲ" ಅನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಅಂದವನು ನಾನೇ. ಹಂಗೆ ಅಂದಾಗ ಏನನ್ನಿಸಿತು ಎಂಬ ಮನೆಯಲ್ಲಿ ಅವಳು ಹೇಳಿ ಬರೆಸಿದ್ದು: "ನನ್ನ ಮಾತು ಇವರಿಗೆ ಕೇಳೂದು ಬ್ಯಾಡಾಗೈತಿ." ನನ್ನ ಕೈಯಿಂದಲೇ ಬರೆಸಿದಳು ನೋಡು.

ಆದ್ದರಿಂದ ಧೈರ್ಯ ತಗೋ ಅನ್ನಬೇಡ, ಶಿವಲೀಲಾ. ನೋವು ಬಂದಾಗ ಮೊದಲು ಗುಳಿಗೆಯ ಹೊತ್ತು ನೋಡು. ಆಮೇಲೆ ಪಕ್ಕದಲ್ಲಿ ಕೂತು, "ಅವ್ವಾ, ಈಗ ಮನಸಿಗೆ ಏನ ಬಂತು?" ಎಂದು ಕೇಳು. ಕೇಳಿ ಸುಮ್ಮನಿರು. ಸಾಯುವ ಮಾತು ಬಂದರೂ ಬಾಯಿ ಮುಚ್ಚಿಸಬೇಡ. ನಾನು ಶಾಲೆಯಲ್ಲಿ ಹುಡುಗರಿಗೆ 'ದಿನಕ್ಕೊಂದು ಕಥೆ' ಓದಿಸುತ್ತಿದ್ದೆನಲ್ಲ, ಅದನ್ನು ಬರೆದ ಡಾ. ಅನುಪಮಾ ನಿರಂಜನ ಧಾರವಾಡದಲ್ಲಿ ದವಾಖಾನೆ ನಡೆಸಿದವರು, 1991ರಲ್ಲಿ ಕ್ಯಾನ್ಸರಿನಲ್ಲೇ ತೀರಿಕೊಂಡರು. ಡಾಕ್ಟರಿಗೂ ಬರುವ ರೋಗ, ಪಾಪ ಮಾಡಿದವರಿಗೆ ಹುಡುಕಿಕೊಂಡು ಬರುವುದಲ್ಲ. ನಿಮ್ಮವ್ವನ ಮನಸ್ಸಿನಲ್ಲಿ ಹರಕೆಯಂಥದ್ದೇ ಏನೋ ಕೂತಿರಬಹುದು, ಬೇರೆಯದೇ ಇರಬಹುದು. ನಿನ್ನ ಮದುವೆಯ ಸಾಲದ ಚಿಂತೆಯೂ ಇದ್ದೀತು. ಅದು ಅವಳ ಬಾಯಿಂದಲೇ ಬರಬೇಕು. ನೀನು ಅದಕ್ಕೆ ಉತ್ತರ ಕೊಡಲು ಹೋಗಬೇಡ, ಉತ್ತರ ಹುಡುಕುವ ವಿದ್ಯೆ ಕಲಿತವರು ಬೇರೆ ಇದ್ದಾರೆ. ಅವರ ಕಡೆ ಹೋಗಲು ಒಪ್ಪದಿದ್ದರೆ ಒತ್ತಾಯ ಬೇಡ. ತನ್ನ ನೋವನ್ನು ನೀವೆಲ್ಲ ಖರೆ ಅಂತ ನಂಬಿದ್ದೀರಿ ಎಂದು ಅವಳಿಗೆ ಮನವರಿಕೆಯಾದ ದಿನ ತಾನೇ ಒಪ್ಪುತ್ತಾಳೆ.

ನಿನಗೂ ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನು ಮಾಡು. ಸರಕಾರದ ಟೆಲಿ ಮಾನಸ್ ಅದು, 2022ರಿಂದ ನಡೆದಿದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡುತ್ತಾರೆ. ರೋಗಿಯನ್ನು ನೋಡಿಕೊಳ್ಳುವವರೂ ಮನುಷ್ಯರೇ ಎಂದು ಮನೆಯವರಿಗೆ ನೆನಪಿರುವುದಿಲ್ಲ.

ಅಮಾಸಿ ಮುಗಿಸಿಕೊಂಡು ನಾನು ಬರುತ್ತೇನೆ, ನಾಲ್ಕು ದಿನ ರಾತ್ರಿ ಪಾಳಿ ನನ್ನದು, ನೀನು ಮಲಗಬೇಕು. ಮಾರ್ಫಿನ್ ಗುಳಿಗೆ ಇನ್ನು ಎಷ್ಟು ದಿನಕ್ಕೆ ಉಳಿದಿವೆ ಎಂದು ಈ ಕಾಗದ ಮುಟ್ಟಿದ ದಿನವೇ ಎಣಿಸು. ಅವು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ತೀರುವ ಮೊದಲೇ ನಿಮ್ಮಪ್ಪನನ್ನು ದವಾಖಾನೆಗೆ ಓಡಿಸು.

ಇಂತಿ ನಿನ್ನ
ದೊಡ್ಡಪ್ಪ